ಕಿಟಕಿ ಪಕ್ಕದ ದೀಪಗಳು

ಯಾರೋ ಮತ್ತೆ ದೀಪಗಳಿಗೆ ನೀಲಿ ಬಳಿದಿದ್ದರು!

ಈಜಿಪ್ಟಿನ ಸೂಯೆಜ್ ಊರಿನ ಆ ವೃದ್ಧಾಶ್ರಮದ ಹಜಾರದಲ್ಲಿ ಶಹೀರಾ ಬಾಗಿಲಲ್ಲೇ ನಿಂತಳು. ಮರೆವಿನ ಕಾಯಿಲೆಯವರು ಸಂಜೆಯ ನೆರಳಿಗೆ ಬೆದರುತ್ತಾರೆಂದು, ಹೊತ್ತು ಇಳಿದಂತೆ ತಾವೇ ಪ್ರಖರವಾಗುವ ಗೋಡೆದೀಪಗಳನ್ನು ಹಾಕಿಸಿದವಳು ಅವಳೇ. ಹಗಲು ಬಿಸಿಲು ಬರಲೆಂದು ಪರದೆಗಳನ್ನೂ ತೆಗೆಸಿದ್ದಳು.

“ಆಸಾಮಿ ಸಿಕ್ಕಿಬಿದ್ದ, ಇಂಜಿನಿಯರಮ್ಮ,” ಎಂದರು ಮೇಲ್ವಿಚಾರಕ ಶುಕ್ರಿ. “ಬಟ್ಟೆಗೆ ಹಾಕೋ ನೀಲಿ ಇದು. ನಮ್ಮ ಆಳು ರಗಬ್‌ನ ಉಗುರು ನೋಡಿ! ಇವತ್ತೇ ಮನೆಗೆ ಕಳಿಸ್ತೀನಿ.”

ರಗಬ್ ತಲೆ ಎತ್ತಲಿಲ್ಲ.

“ನೀನೇನಾ?” ಶಹೀರಾ ಕೇಳಿದಳು.

“ನಾನೇ ಅಂದ್ಕೊಳ್ಳಿ.”

“ಯಾಕೆ?”

“ಕಣ್ಣು ಚುಚ್ಚತ್ತೆ. ಆಪರೇಷನ್ ಕೋಣೇಲಿ ಕೂತಂಗಿದೆ.”

“ಹಾಗಿದ್ರೆ ಒಳಗೋಡೆ ದೀಪ ಯಾಕೆ ಬಿಟ್ಟೆ? ಅವೂ ಅಷ್ಟೇ ಚುಚ್ತವೆ.”

ರಗಬ್ ಉಗುರುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

ಶಹೀರಾ ಸುತ್ತಲೂ ನೋಡಿದಳು. ನೀಲಿ ಇದ್ದದ್ದು ಕಿಟಕಿ ಪಕ್ಕದ ದೀಪಗಳಿಗೆ ಮಾತ್ರ. ಕಿಟಕಿಯ ಗಾಜಿನ ಮೇಲೂ ನೀಲಿ ಬೆರಳಚ್ಚು.

“ಶುಕ್ರಿಯವರೇ, ಯುದ್ಧದ ಕಾಲದಲ್ಲಿ ನಿಮ್ಮನೆ ಕಿಟಕಿಗೆ ಯಾವ ಬಣ್ಣ?”

“ನೀಲಿ. ಊರಿಗೆ ಊರೇ ನೀಲಿ. ಬೆಳಕು ಕಂಡಲ್ಲಿ ವಿಮಾನ ಬಾಂಬ್ ಹಾಕ್ತಿತ್ತು. ಆಗ ನಾನಿನ್ನೂ—” ಶುಕ್ರಿ ತಟ್ಟನೆ ನಿಲ್ಲಿಸಿದರು.

“ಒಳಗೋಡೆ ದೀಪ ಆಕಾಶಕ್ಕೆ ಕಾಣಲ್ಲ. ಕಿಟಕಿ ಪಕ್ಕದ್ದು ಕಾಣತ್ತೆ,” ಎಂದಳು ಶಹೀರಾ. “ದಿನಾ ಬಟ್ಟೆ ಒಗೆಯೋ ಕೋಣೇಲಿ ಕೂತು ಟವೆಲ್ ಮಡಿಸೋದು ಯಾರು?”

ಎಲ್ಲರ ಕಣ್ಣು ಮೂಲೆಯ ಕುರ್ಚಿಗೆ ಹೋಯಿತು. ಅಲ್ಲಿ ಮುದುಕಿ ಇಹ್ಸಾನ್ ಅಂಗೈ ಉಜ್ಜಿಕೊಳ್ಳುತ್ತ ಕೂತಿದ್ದರು.

“ಬಳಿದದ್ದು ಇಹ್ಸಾನ್ ಅಮ್ಮ. ಅವರ ಕೈ ತೊಳೆಸಿದ್ದು ರಗಬ್. ಅದಕ್ಕೇ ಇವನ ಉಗುರು ನೀಲಿ,” ಎಂದಳು ಶಹೀರಾ.

“ಹೇಳಿದ್ರೆ ಇವರನ್ನ ಬೀಗ ಹಾಕೋ ವಾರ್ಡಿಗೆ ಕಳಿಸ್ತಾರಮ್ಮ,” ಎಂದ ರಗಬ್. “ಯುದ್ಧದ ಒಂದು ರಾತ್ರಿ ಮಗೂಗೆ ಹಾಲು ಕಾಯಿಸಕ್ಕೆ ಅಂತ ದೀಪ ಹಚ್ಚಿದ್ರಂತೆ, ಮನೆ ಮೇಲೆ ಬಾಂಬ್ ಬಿತ್ತಂತೆ. ಇವರು ಬದುಕ್ಕೊಂಡ್ರು. ಮಗು ಉಳೀಲಿಲ್ಲ.”

ಹೊರಗೆ ಹೊತ್ತು ಮುಳುಗಿತು. ದೀಪಗಳು ಒಂದೊಂದಾಗಿ ಪ್ರಖರವಾದವು. ಇಹ್ಸಾನ್ ಕುರ್ಚಿ ಹಿಡಿದು ಎದ್ದರು.

“ಆರಿಸ್ರೋ! ಹೊರಗೆ ಕಾಣ್ತಿದೆ!”

ಶುಕ್ರಿ ಉಗ್ರಾಣದ ಕೀಲಿಕೈ ತೆಗೆದುಕೊಟ್ಟರು. ಶಹೀರಾ ಹಳೆಯ ದಪ್ಪ ಪರದೆಗಳನ್ನು ಹೊತ್ತು ತಂದಳು. ರಗಬ್ ಏಣಿ ಹತ್ತಿ ತೂಗುಹಾಕಿದ. ಇಹ್ಸಾನ್ ಅಂಚಿನುದ್ದಕ್ಕೂ ಬೆರಳಾಡಿಸಿ, ಸಂದು ಇದ್ದಲ್ಲೆಲ್ಲ ಒತ್ತಿ ಮುಚ್ಚಿದರು.

“ಒಂದೆಳೆ ಬೆಳಕೂ ಹೊರಗೆ ಹೋಗ್ತಿಲ್ಲ, ಅಮ್ಮ,” ಎಂದಳು ಶಹೀರಾ.

ಮುದುಕಿ ಅವಳ ಕೆನ್ನೆ ಸವರಿದರು.

“ಸ್ವಲ್ಪ ಮೊದಲೇ ತರಬಾರದಿತ್ತೇನೇ, ಮಗಳೇ?”