ಮಂಕಾಸುರನಿಗೆ ಹೂಂ ಕಲಿಸಿದ ಅಜ್ಜಿ

ಬಹಳ ಬಹಳ ಹಿಂದೆ, ಕಡಲಿಗೆ ಮುಖ ಮಾಡಿ ಕೂತಿದ್ದ ಅಲೆಪುರ ಎಂಬ ರಾಜ್ಯದಲ್ಲಿ ತುಂಗಜ್ಜಿ ಎಂಬ ಹಗ್ಗ ಹೊಸೆಯುವ ಮುದುಕಿ ಇದ್ದಳು. ಅವಳು ಹೊಸೆದ ಹಗ್ಗದಿಂದ ಕಟ್ಟಿದ ಹಡಗು ಯಾವ ಬಿರುಗಾಳಿಗೂ ಕದಲಿದ್ದಿಲ್ಲ. ಹಾಗೆಂದು ಊರವರು ಹೇಳುತ್ತಿದ್ದರು. ಊರವರು ಮರೆತ ದಿನ ತುಂಗಜ್ಜಿಯೇ ಹೇಳುತ್ತಿದ್ದಳು. ಜಂಬ ಅನ್ನುವುದಾದರೆ ಅನ್ನಿ, ಅವಳೇನೂ ತಪ್ಪು ತಿಳಿಯುವವಳಲ್ಲ.

ಅವಳಿಗೆ ಎಪ್ಪತ್ತು ತುಂಬಿದಾಗ ರಾಜ ಅರಮನೆಗೆ ಕರೆಸಿದ. "ತುಂಗಮ್ಮ, ಜೀವಮಾನವೆಲ್ಲ ಹಡಗಿಗೆ ಹಗ್ಗ ಹೊಸೆದೆ. ಒಂದು ದಿನವಾದರೂ ಹಡಗು ಹತ್ತಿದ್ದೀಯಾ?" ಎಂದು ಕೇಳಿದ.

"ಪುರುಸೊತ್ತೆಲ್ಲಿ ಮಹಾಪ್ರಭು?" ಎಂದಳು ಅಜ್ಜಿ.

ರಾಜ ತನ್ನ ಬಿಳಿಯ ಹಡಗನ್ನೇ ಅವಳಿಗೆ ಬಿಟ್ಟುಕೊಟ್ಟ. ಮನೆಮಂದಿಯನ್ನೆಲ್ಲ ಕರೆದುಕೊಂಡು ಏಳು ದ್ವೀಪ ಸುತ್ತಿ, ಹಾಯಾಗಿ ಇದ್ದು ಬಾ ಎಂದ.

ಹಾಯಾಗಿರುವುದು ಯಾರ ಪಾಲಿಗೆ ಬಂತು ಎಂದು ಬೇರೆ ಹೇಳಬೇಕೇ? ಮಗ ಸೋಮಣ್ಣ ಹಡಗು ಹತ್ತಿದ ಗಳಿಗೆಯಿಂದ ತಲೆಸುತ್ತು ಎಂದು ಮಲಗಿಬಿಟ್ಟ. ಸೊಸೆ ಗೌರವ್ವ, "ಅತ್ತೆ, ನಾನು ಸುಮ್ನೆ ಕೂತು ಹತ್ತು ವರ್ಷ ಆಯ್ತು" ಎಂದು ಕಾಲು ಚಾಚಿ ಕಡಲು ನೋಡುತ್ತ ಕೂತಳು. ಉಳಿದದ್ದು ಮೂರು ಮೊಮ್ಮಕ್ಕಳು. ಒಂಬತ್ತು ವರ್ಷದ ಕೇತ, ಏಳು ವರ್ಷದ ಬೆಳ್ಳಿ, ಐದು ವರ್ಷದ ಚಿಕ್ಕಿ. ಹಡಗು ನೂರು ಹೆಜ್ಜೆ ಉದ್ದವಿತ್ತು. ಅಷ್ಟನ್ನೂ ಅವರು ಮೊದಲ ಬೆಳಿಗ್ಗೆಯೇ ಓಡಿ ಮುಗಿಸಿದರು. ಆಮೇಲೆ ಮೂವರೂ ಅಜ್ಜಿಯ ಸೆರಗು ಹಿಡಿದು, "ಅಜ್ಜೀ, ಬೇಜಾರು!" ಎಂದು ರಾಗ ಎಳೆದರು.

ಆ ಮಾತು ಕೇಳಿದ್ದೇ ಹಡಗಿನ ಯಜಮಾನ, ತಂಡೇಲ ಬೀರಣ್ಣನ ಮುಖ ಬಿಳಿಚಿಕೊಂಡಿತು.

"ಅಜ್ಜಮ್ಮ, ನಿಮ್ಮ ದಮ್ಮಯ್ಯ, ಆ ಮಾತು ಇಲ್ಲಿ ಆಡಿಸಬೇಡಿ. ಇನ್ನು ಮೂರು ದಿನ ನಾವು ಮಂಕುದಿಣ್ಣೆ ದ್ವೀಪ ಬಳಸ್ಕೊಂಡು ಹೋಗಬೇಕು. ಅಲ್ಲಿ ಮಂಕಾಸುರ ಅಂತ ಮಾಂತ್ರಿಕ ಇದಾನೆ. ಎಲ್ಲಿ ಮಕ್ಕಳು ಬೇಜಾರು ಅಂದ್ರೂ ಅವನ ಕಿವಿಗೆ ಬೀಳುತ್ತೆ. ಯಾವ್ಯಾವುದೋ ರೂಪದಲ್ಲಿ ಬಂದು, ಬರ್ತೀಯಾ ಅಂತ ಕೇಳ್ತಾನೆ. ಮಗು ಬಾಯಿ ಬಿಟ್ಟು ಹೂಂ ಅಂದ್ರೆ ಮುಗೀತು, ಶಂಖ ಮಾಡಿ ಕೊರಳಿಗೆ ಹಾಕ್ಕೋತಾನೆ. ಹೂಂ ಅನ್ನದೇ ಇದ್ರೆ ಮಾತ್ರ ಕೂದಲೂ ಮುಟ್ಟೋ ಹಾಗಿಲ್ಲ."

ಸೋಮಣ್ಣ ಮಲಗಿದಲ್ಲಿಂದಲೇ, "ವಾಪಸ್ ಹೋಗೋಣ" ಎಂದು ನರಳಿದ.

ತುಂಗಜ್ಜಿಗೆ ಅದು ಸರಿಬರಲಿಲ್ಲ. "ಮೂರು ಮಕ್ಕಳನ್ನ ಮೂರು ದಿನ ಆಡಿಸೋಕೆ ಆಗದೇ ಇದ್ರೆ ನಾನೆಂಥ ಅಜ್ಜಿ? ನಡೆಸಪ್ಪ ನೀನು ಹಡಗನ್ನ" ಎಂದಳು.

ಮೊದಲ ದಿನ ಅವಳು ಮಕ್ಕಳಿಗೆ ಹಗ್ಗದ ಗಂಟು ಕಲಿಸಿದಳು. ಕೊಡಪಾನದ ಗಂಟು, ದೋಣಿಯ ಗಂಟು, ಎಳೆದಷ್ಟೂ ಬಿಗಿಯುವ ಕಳ್ಳಗಂಟು. ನಡುಹಗಲಿಗೆ ಕಣದಷ್ಟು ಅಗಲದ ಆಮೆಯೊಂದು ಹಡಗಿನ ಪಕ್ಕಕ್ಕೆ ಬಂತು. ಅದರ ಬೆನ್ನ ಮೇಲೆ ಮುತ್ತಿನ ಉಯ್ಯಾಲೆ ತೂಗುತ್ತಿತ್ತು.

"ಉಯ್ಯಾಲೆ ಆಡೋಕೆ ಬರ್ತೀರಾ ಮಕ್ಕಳೇ?" ಎಂದಿತು ಆಮೆ.

ಮೂವರೂ ಆಗ ಮಲಗಿದ್ದ ಅಪ್ಪನ ಕಾಲನ್ನು ಕಂಬಕ್ಕೆ ಕಟ್ಟುವುದರಲ್ಲಿದ್ದರು. ಕೇತ ತಲೆ ಕೂಡ ಎತ್ತದೆ, "ಉಹೂಂ, ಕೆಲಸ ಇದೆ" ಎಂದ. ಆಮೆ ಮುಳುಗಿಹೋಯಿತು.

ಎರಡನೆಯ ದಿನ ಹಗ್ಗಜಗ್ಗಾಟ. ಒಂದು ಕಡೆ ನಾವಿಕರು, ಇನ್ನೊಂದು ಕಡೆ ಮೊಮ್ಮಕ್ಕಳು, ಅಜ್ಜಿ, ಅಡುಗೆಯ ನಂಜಪ್ಪ, ಜೊತೆಗೆ ಎರಡು ಆಡು. ನಡುಹಗಲಿಗೆ ರೆಕ್ಕೆಯಿರುವ ಚಿನ್ನದ ಮೀನುಗಳು ಹಿಂಡುಹಿಂಡಾಗಿ ಹಾರಿ ಬಂದವು.

"ರೆಕ್ಕೆ ಕೊಡ್ತೀವಿ, ಹಾರೋಕೆ ಬರ್ತೀರಾ ಮಕ್ಕಳೇ?" ಎಂದವು.

"ಉಹೂಂ, ನಾವು ಗೆಲ್ಲೋದ್ರಲ್ಲಿದೀವಿ!" ಎಂದು ಬೆಳ್ಳಿ ಹಲ್ಲು ಕಚ್ಚಿ ಹಗ್ಗ ಎಳೆದಳು. ಗೆದ್ದೂ ಗೆದ್ದರು. ಮೀನುಗಳು ಹಾರಿಹೋದವು.

ತುಂಗಜ್ಜಿಯ ಎದೆ ಉಬ್ಬಿತು. "ನೋಡಿದೆಯಾ ಬೀರಣ್ಣ, ನನ್ನ ಮೊಮ್ಮಕ್ಕಳು!"

"ಇನ್ನೊಂದು ದಿನ ಇದೆ ಅಜ್ಜಮ್ಮ" ಎಂದ ತಂಡೇಲ.

ಮೂರನೆಯ ದಿನ ಗಾಳಿ ಬಿತ್ತು. ಹಾಯಿ ಜೋತುಬಿದ್ದು, ಹಡಗು ಮಂಕುದಿಣ್ಣೆಯ ಎದುರಿಗೇ ನಿಂತುಬಿಟ್ಟಿತು. ಹಗ್ಗ ಹಿಡಿದು ಮಕ್ಕಳ ಅಂಗೈಯಲ್ಲಿ ಬೊಬ್ಬೆ ಬಂದಿತ್ತು. ಹಾಗಾಗಿ ಅಜ್ಜಿ ಅಂದು ಕತೆಯ ಗಂಟು ಬಿಚ್ಚಿದಳು. ಅವಳ ಕತೆಗೆ ಒಂದು ಕಟ್ಟಳೆಯಿತ್ತು. ಕೇಳುವವರು ಮಾತುಮಾತಿಗೆ ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಂತಂತೆ. ಮೂವರೂ ತೊಟ್ಟಿಲಿನಲ್ಲಿದ್ದಾಗಿನಿಂದ ಇದನ್ನೇ ಕಲಿತವರು. "ನನ್ನ ಮೊಮ್ಮಕ್ಕಳು ನಿದ್ದೆಯಲ್ಲೂ ಹೂಂ ತಪ್ಪಿಸೋರಲ್ಲ" ಎಂದು ಅಜ್ಜಿ ಅಡುಗೆಯವನ ಮುಂದೆ ಕೂಡ ಕೊಚ್ಚಿಕೊಂಡಿದ್ದಳು.

ಬೆಳಗಿನಿಂದ ಐದು ಕತೆ ಮುಗಿದವು. ಮೊಸರನ್ನದ ಊಟವಾಯಿತು. ಆರನೆಯ ಕತೆಯ ನಡುವೆ, "ಆಗ ಆ ರಾಜಕುಮಾರ ಕಾಡಿನೊಳಗೆ..." ಎನ್ನುತ್ತ ತುಂಗಜ್ಜಿಗೆ ಜೊಂಪು ಹತ್ತಿತು. ಎಪ್ಪತ್ತು ವರ್ಷದ ಜೀವ, ಮೂರು ದಿನದ ದಣಿವು, ಹೊಟ್ಟೆತುಂಬ ಮೊಸರನ್ನ. ಅವಳನ್ನು ಬಯ್ಯುವ ಹಾಗಿಲ್ಲ.

ಆದರೆ ಕತೆ ನಿಲ್ಲಲಿಲ್ಲ. ಅಜ್ಜಿಯದೇ ದನಿ, ಅಜ್ಜಿಯದೇ ರಾಗ, ಎಲ್ಲಿಂದಲೋ ಮುಂದುವರಿಯಿತು.

"ಕಾಡಿನೊಳಗೆ ಹೋದನಂತೆ."

"ಹೂಂ" ಎಂದರು ಮಕ್ಕಳು.

"ಅಲ್ಲಿಂದ ಕಡಲಿಗೆ ಬಂದನಂತೆ."

"ಹೂಂ."

"ಆಮೇಲೆ ನೀವೆಲ್ಲ ಹಡಗು ಇಳಿದು ನನ್ನ ಜೊತೆ ಬರ್ತೀರಂತೆ."

"ಹೂಂ" ಎಂದರು ಕೇತ ಮತ್ತು ಬೆಳ್ಳಿ.

ಎಂದರು, ಅಷ್ಟೇ. ಕೂತಲ್ಲೇ ಎರಡು ಬಿಳಿ ಶಂಖಗಳಾದರು. ಶಂಖಗಳು ಹಕ್ಕಿಯಂತೆ ಎದ್ದು ಮಂಕುದಿಣ್ಣೆಯತ್ತ ಹಾರಿಹೋದವು. ಚಿಕ್ಕಿ ಒಬ್ಬಳು ಉಳಿದಳು. ಅವಳ ಬಾಯಲ್ಲಿ ದೊಡ್ಡದೊಂದು ಎಳ್ಳುಂಡೆಯಿತ್ತು, ಹೂಂ ಅನ್ನಲು ಜಾಗವೇ ಇರಲಿಲ್ಲ.

ಚಿಕ್ಕಿ ಅಜ್ಜಿಯನ್ನು ಅಲುಗಾಡಿಸಿ ಎಬ್ಬಿಸಿ, ಉಂಡೆ ನುಂಗಿ, ನಡೆದದ್ದೆಲ್ಲ ಹೇಳಿ, ಆಮೇಲೆ ಅತ್ತಳು. ತುಂಗಜ್ಜಿಗೆ ಅಳಲೂ ಆಗಲಿಲ್ಲ. ಆ ಹೂಂ ಕಲಿಸಿದವಳು ತಾನೇ. ಅದನ್ನೇ ಹಿಡಿದು ಅವನು ಮಕ್ಕಳನ್ನು ಎಳೆದುಕೊಂಡು ಹೋಗಿದ್ದ. ಸೋಮಣ್ಣ ಎದ್ದು ಓಡಿ ಬರಲು ಹೋಗಿ ಮುಗ್ಗರಿಸಿ ಬಿದ್ದ. ಅವನ ಕಾಲಿನ ಗಂಟು ಇನ್ನೂ ಬಿಚ್ಚಿರಲಿಲ್ಲ. ಗೌರವ್ವ ಎದೆ ಎದೆ ಬಡಿದುಕೊಂಡಳು.

"ಅಳಬೇಡ ಕಣೆ ಗೌರಾ. ಕಳೆದೋಳು ನಾನು, ತರೋಳೂ ನಾನೇ" ಎಂದು ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ದೋಣಿಗಿಳಿದಳು. ಚಿಕ್ಕಿ ಎಳ್ಳುಂಡೆಯ ಡಬ್ಬಿ ಹಿಡಿದು ತಾನೂ ಇಳಿದಳು. ಬೇಡ ಎಂದರೆ ಕೇಳುವ ಮಗುವಲ್ಲ ಅದು. ಬೀರಣ್ಣ ಹುಟ್ಟು ಹಾಕಿದ.

ಮಂಕುದಿಣ್ಣೆಯಲ್ಲಿ ಮರವಿಲ್ಲ, ಹಕ್ಕಿಯಿಲ್ಲ, ಬರೀ ಬೂದುಬಣ್ಣದ ಮರಳು. ನಡುವೆ ಮಂಕಾಸುರ ಕೂತಿದ್ದ. ಹಡಗಿನ ಕಂಬದಷ್ಟು ಎತ್ತರ, ಆರಿದ ಅಂಬಲಿಯಂಥ ಮುಖ. ಕೊರಳಲ್ಲಿ ನಲವತ್ತು ಶಂಖಗಳ ಹಾರ. ಆ ಹಾರದ ಹೊಸ ಶಂಖವೊಂದನ್ನು ಕಿವಿಗೆ ಹಿಡಿದುಕೊಂಡಿದ್ದ. ಒಳಗೆ ಬೆಳ್ಳಿ ಬಿಕ್ಕುವುದು ಅಜ್ಜಿಗೂ ಕೇಳಿಸಿತು.

"ಯಾಕೋ ಪಾಪಿ, ಮಕ್ಕಳು ನಿನಗೇನು ಮಾಡಿದ್ವು?"

"ಹೊತ್ತು ಹೋಗೋದಿಲ್ಲ ಮುದುಕಿ. ಇವರ ದನಿ ಕೇಳ್ತಾ ಕೂರ್ತೀನಿ. ಎರಡು ದಿನ ಅಳ್ತಾರೆ, ಆಮೇಲೆ ಸುಮ್ಮನಾಗಿಬಿಡ್ತಾರೆ. ಮತ್ತೆ ಹೊಸಬರನ್ನ ತರಬೇಕು."

"ಬಿಟ್ಟುಬಿಡು. ಆನೆ ಎಳೆದರೂ ಹರಿಯದ ಹಗ್ಗ ಹೊಸೆದುಕೊಡ್ತೀನಿ. ಆಗಬಹುದಾ?"

"ಉಹೂಂ" ಎಂದ ಮಂಕಾಸುರ.

"ರಾಜನ ಹಡಗು ಎದುರಿಗೇ ಇದೆ, ದಂಡು ಕರೆಸ್ತೀನಿ. ಬಿಡ್ತೀಯಾ?"

"ಉಹೂಂ."

"ಅವರ ಬದಲು ನನ್ನನ್ನ ಶಂಖ ಮಾಡ್ಕೋ. ಬೇಡ್ಕೋತೀನಿ ಕಣಪ್ಪ."

"ಉಹೂಂ. ಹೂಂನಿಂದ ಹಿಡಿದದ್ದನ್ನ ಹೂಂನಿಂದಲೇ ಬಿಡಿಸಬೇಕು, ಅದೂ ನನ್ನ ಬಾಯಿಂದಲೇ ಬರಬೇಕು. ಮುನ್ನೂರು ವರ್ಷದಿಂದ ಈ ಬಾಯಿ ಹೂಂ ಅಂದಿಲ್ಲ, ತಿಳ್ಕೋ."

ತುಂಗಜ್ಜಿ ಮರಳಿನ ಮೇಲೆ ಕುಸಿದು ಕೂತಳು. ಚಿಕ್ಕಿ ಬಂದು ಮಡಿಲು ಸೇರಿ ಬಿಕ್ಕತೊಡಗಿದಳು. ಅಳುವ ಮಗುವನ್ನು ಸುಮ್ಮನಾಗಿಸಲು ಅಜ್ಜಿಗೆ ಗೊತ್ತಿದ್ದದ್ದು ಒಂದೇ ದಾರಿ.

"ಒಬ್ಬ ರಾಜ ಇದ್ದ ಕಣೇ. ಒಂದು ಬೆಳಿಗ್ಗೆ ಎದ್ದು ನೋಡ್ತಾನೆ, ಮೂಗಿನ ತುದೀಲಿ ಕುಂಬಳದ ಬಳ್ಳಿ ಚಿಗುರಿದೆ."

"ಹೂಂ" ಎಂದಳು ಚಿಕ್ಕಿ, ಮೂಗೊರೆಸಿಕೊಂಡು.

"ದಿನಕ್ಕೊಂದು ಗೇಣು ಬೆಳೀತು. ಮೀಸೆ ಸುತ್ತಿಕೊಂಡು ಕಿರೀಟ ಹತ್ತಿತು."

"ಹೂಂ."

"ಕಿರೀಟದ ಮೇಲೆ ಗುಡಾಣದಂಥ ಒಂದು ಕುಂಬಳಕಾಯಿ ಬಿಡ್ತು. ರಾಜ ಕತ್ತಿ ತರಿಸಿದ. ಇನ್ನೇನು ಕೊಯ್ಯಬೇಕು, ಕಾಯಿಯ ಒಳಗೆ ಯಾರೋ ಕೆಮ್ಮಿದರು!"

ಚಿಕ್ಕಿ ಹೂಂ ಅನ್ನಲಿಲ್ಲ.

ಅಜ್ಜಿ ಬಗ್ಗಿ ನೋಡಿದಳು. ಮಗು ಅಳು ನಿಲ್ಲಿಸಿ, ಅಜ್ಜಿಯ ಹೆಗಲಾಚೆ ದಿಟ್ಟಿಸುತ್ತಿತ್ತು. ಅಲ್ಲಿ ಮಂಕಾಸುರ ಶಂಖ ಕೈಬಿಟ್ಟು, ಕತ್ತು ಉದ್ದ ಮಾಡಿ ಕೂತಿದ್ದ. ಚಿಕ್ಕಿ ಡಬ್ಬಿಗೆ ಕೈ ಹಾಕಿ, ಇದ್ದುದರಲ್ಲೇ ದೊಡ್ಡ ಎಳ್ಳುಂಡೆ ತೆಗೆದು, ಬಾಯಿಗೆ ತುರುಕಿಕೊಂಡು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ತುಂಗಜ್ಜಿಗೆ ತಟ್ಟನೆ ಹೊಳೆಯಿತು. ಅಬ್ಬಾ, ಐದು ವರ್ಷದ ಹುಡುಗಿ! ಎಪ್ಪತ್ತು ವರ್ಷದವಳಿಗೆ ಹೊಳೆಯದ್ದು ಇದಕ್ಕೆ ಹೊಳೆಯಿತಲ್ಲ! ಆ ಸಂಕಟದಲ್ಲೂ ಅವಳಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಆದರೆ ಮುಖದಲ್ಲಿ ತೋರಗೊಡಲಿಲ್ಲ. ಸೀರೆಯ ಮರಳು ಕೊಡವಿಕೊಂಡು ಎದ್ದಳು.

"ಹೂಂಗುಟ್ಟೋರಿಲ್ಲ, ಕತೆ ನಿಂತಿತು. ನಡಿ ಮಗಳೇ."

"ತಡಿ!" ಎಂದ ಮಂಕಾಸುರ. "ಯಾರು ಕೆಮ್ಮಿದ್ದು?"

"ಯಾರಾದ್ರೂ ಹೂಂ ಅಂದ್ರೆ ತಾನೇ ಹೇಳೋದು?"

ಮಂಕಾಸುರ ತಲೆಯಾಡಿಸಿದ. ಅಜ್ಜಿ, "ತಲೆ ಆಡಿಸಿದ್ರೆ ನಡೆಯಲ್ಲ" ಎಂದು ಒಂದು ಹೆಜ್ಜೆ ಇಟ್ಟಳು. ಅವನು ಗಂಟಲು ಕೆರೆದ. "ಕೆಮ್ಮಿದ್ರೂ ನಡೆಯಲ್ಲ" ಎಂದು ಇನ್ನೊಂದು ಹೆಜ್ಜೆ ಇಟ್ಟಳು. ಅವನು ತುಟಿ ಕಚ್ಚಿದ, ಕೈ ಹಿಸುಕಿಕೊಂಡ, ಮರಳನ್ನು ಒದ್ದ. ಅಜ್ಜಿ ದೋಣಿಗೆ ಕಾಲಿಡುವಷ್ಟರಲ್ಲಿ ಅವನ ತಾಳ್ಮೆಯ ಕಟ್ಟೆ ಒಡೆಯಿತು.

"ಹೂಂ! ಹೂಂ, ಹೂಂ! ಆಮೇಲೆ?"

ಅಜ್ಜಿ ನಿಧಾನವಾಗಿ ಬಂದು ಕೂತಳು. ಹುರಿಗೆ ಹುರಿ ಸೇರಿಸಿ ಹೊಸೆಯುವ ಹಾಗೆ, ಅವಸರವಿಲ್ಲದೆ ಮಾತಿಗೆ ಮಾತು ಸೇರಿಸಿದಳು.

"ಕತ್ತಿ ಕೆಳಗಿಟ್ಟ ರಾಜ."

"ಹೂಂ."

"ಕಾಯಿಗೆ ಕಿವಿ ಕೊಟ್ಟು, ಯಾರಪ್ಪ ಒಳಗೆ ಅಂದ."

"ಹೂಂ, ಹೂಂ."

"ಒಳಗಿದ್ದೋನು ಒಬ್ಬ ಮಾಂತ್ರಿಕ. ಕೊರಳಲ್ಲಿ ಶಂಖದ ಹಾರ."

"ಹೂಂ."

"ಅವನು ಆ ಹಾರ ಕಿತ್ತು, ಹಿಡಿದಿಟ್ಟಿದ್ದ ಮಕ್ಕಳನ್ನೆಲ್ಲ ಬಿಟ್ಟೇಬಿಟ್ಟ."

"ಹೂಂ" ಎಂದ ಮಂಕಾಸುರ.

ಎಂದಮೇಲೆ ಬಾಯಿಗೆ ಕೈ ಅಡ್ಡ ಹಿಡಿದ, ಆದರೆ ಹೊತ್ತು ಮೀರಿತ್ತು. ಹಾರ ಪಟ್ಟನೆ ಹರಿಯಿತು. ಮರಳಿಗೆ ಬಿದ್ದ ಒಂದೊಂದು ಶಂಖವೂ ಒಂದೊಂದು ಮಗುವಾಗಿ ಎದ್ದು ನಿಂತಿತು. ಕೇತ ಬಂದು ಅಜ್ಜಿಯ ಕತ್ತಿಗೆ ಜೋತುಬಿದ್ದ, ಬೆಳ್ಳಿ ಸೊಂಟಕ್ಕೆ. ಹಳೆಯ ಕಾಲದ ಬಟ್ಟೆ ತೊಟ್ಟ ಎಷ್ಟೋ ಮಕ್ಕಳು ಕಣ್ಣು ಉಜ್ಜಿಕೊಂಡು ಬಿಸಿಲು ನೋಡಿದರು. ಮಂಕಾಸುರ ಕುಗ್ಗಿ ಕುಗ್ಗಿ, ಕೊನೆಗೆ ಸಾಮಾನ್ಯ ಎತ್ತರದ ಬೊಕ್ಕತಲೆಯ ಮುದುಕನಾಗಿ ಮರಳಲ್ಲಿ ಕೂತಿದ್ದ. ಅವನ ಮಾಯೆಯೆಲ್ಲ ಆ ಮಕ್ಕಳನ್ನು ಬಿಡಲು ಹೂಂ ಅನ್ನದೆ ಇದ್ದುದರಲ್ಲೇ ಇತ್ತಂತೆ.

"ಇಷ್ಟೇನಾ ಕತೆ?" ಎಂದ ಅವನು, ಅಳುಮೋರೆ ಮಾಡಿ.

ಬೀರಣ್ಣ ಹುಟ್ಟು ಎತ್ತಿ ಹೊಡೆಯಲು ಹೋದ. ಅಜ್ಜಿ ತಡೆದಳು. "ಇನ್ನೇನು ಮಾಡ್ತಾನೆ, ಬಿಡು. ಹಡಗಲ್ಲಿ ಹಗ್ಗ ಸುತ್ತೋಕೆ ಒಂದು ಆಳು ಬೇಕಾಗಿತ್ತಲ್ಲ" ಎಂದಳು.

ಗಾಳಿ ಎದ್ದಿತು. ಹಾಯಿ ತುಂಬಿತು. ಹಡಗು ಅಲೆಪುರಕ್ಕೆ ತಿರುಗಿತು. ಗೌರವ್ವ ಎರಡೂ ಮಕ್ಕಳನ್ನು ತಬ್ಬಿಕೊಂಡು ಬಿಡಲೇ ಇಲ್ಲ. ದಾರಿ ಮೂರು ದಿನದ್ದು, ಮಕ್ಕಳು ನಲವತ್ತೊಂದು, ತುಂಗಜ್ಜಿಯ ಗಂಟಲು ಪೂರಾ ಕಟ್ಟಿಹೋಗಿತ್ತು. ಆಗ ಚಿಕ್ಕಿ ಹಗ್ಗದ ಸುರುಳಿಯ ಮೇಲೆ ಹತ್ತಿ ನಿಂತು ಕುಂಬಳಕಾಯಿಯ ಕತೆಯನ್ನು ತನ್ನದೇ ರೀತಿಯಲ್ಲಿ ಶುರುಮಾಡಿದಳು. ಒಳಗಿದ್ದದ್ದು ಮಾಂತ್ರಿಕನಲ್ಲವಂತೆ, ರಾಜನ ಅಜ್ಜಿಯಂತೆ, ನೆಗಡಿಯಾಗಿತ್ತಂತೆ, ಒಳಗೆ ಒಲೆ ಹೂಡಿ ಕಷಾಯ ಕಾಸುತ್ತಿದ್ದಳಂತೆ! ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಡಗಿನ ಆಳುಗಳು ಕೆಲಸ ಬಿಟ್ಟು ಬಂದು ಕೂತರು. ಸೋಮಣ್ಣನ ತಲೆಸುತ್ತು ಕೂಡ ಬಿಟ್ಟುಹೋಯಿತು.

ಅಲೆಪುರ ತಲುಪಿದ ಮೇಲೆ ಮನೆ ಇದ್ದ ಮಕ್ಕಳು ಮನೆ ಸೇರಿದರು, ಇಲ್ಲದವರಿಗೆ ಊರೇ ಮನೆಯಾಯಿತು, ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಆದರೆ ತುಂಗಜ್ಜಿಯ ಬಾಳಿನ ದೊಡ್ಡ ದಿನ ಯಾವುದು ಎಂದು ಕೇಳಿದರೆ, ಅದು ರಾಜ ಹಡಗು ಕೊಟ್ಟ ದಿನವಲ್ಲ, ಮಾಂತ್ರಿಕನನ್ನು ಗೆದ್ದ ದಿನವೂ ಅಲ್ಲ. ಹಡಗಿನ ಮೂಲೆಯಲ್ಲಿ ಕೂತು, ಚಿಕ್ಕಿ ಕೈ ತಿರುಗಿಸಿ ತಿರುಗಿಸಿ ಕತೆ ಹೇಳುವುದನ್ನು ನೋಡಿದ ಆ ಮಧ್ಯಾಹ್ನ. ಕಟ್ಟಿದ ಗಂಟಲಿನಲ್ಲೇ ಅವಳು ಪಕ್ಕದಲ್ಲಿ ಹಗ್ಗ ಸುತ್ತುತ್ತಿದ್ದ ಮಂಕಾಸುರನ ಕಡೆ ಬಾಗಿ, "ಅವಳು ನನ್ನ ಮೊಮ್ಮಗಳು" ಎಂದಳು.

"ಗೊತ್ತು ತಾಯಿ, ಇದು ಆರನೇ ಸಲ ಹೇಳ್ತಿರೋದು" ಎಂದ ಮಂಕಾಸುರ. "ಸ್ವಲ್ಪ ಸುಮ್ನಿರಿ, ಕತೆ ಕೇಳಿಸ್ತಿಲ್ಲ."