ಎರಡು ಮಿಲಿ ರಕ್ತ

"ಇನ್ಸುಲಿನ್, ಸೂಜಿ, ಶುಗರ್ ನೋಡೋ ಸ್ಟ್ರಿಪ್ಪು ಇವೆಲ್ಲ ಮನೇಲಿ ಬಳಸೋದು ಮೇಡಂ, ಕವರ್ ಆಗಲ್ಲ. ಅಡ್ಮಿಟ್ ಆದ್ರೆ ಎಲ್ಲಾ ಕೊಡ್ತೀವಿ," ಎಂದಳು ವಿಮಾ ಕಂಪನಿಯ ಹುಡುಗಿ ಫೋನಿನಲ್ಲಿ. ಅಂದರೆ ಸಕ್ಕರೆ ಕಾಯಿಲೆಯವರು ಮೊದಲು ಎಚ್ಚರ ತಪ್ಪಿ ಬೀಳಬೇಕು, ಕೇಳುವುದು ಆಮೇಲೆ. ದೀಪ್ತಿ ತನ್ನ ಹೆಸರು ಹೇಳುವ ಮುಂಚೆಯೇ ಫೋನಿಟ್ಟಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಅವಳು ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಹನ್ನೊಂದು ವರ್ಷ ಚುಚ್ಚಿಸಿಕೊಂಡ ಬೆರಳುಗಳಿಗೆ ಸೀಮೆಸುಣ್ಣ ಹಿಡಿದದ್ದೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಮನಸ್ಸಿಗೂ ಅದೇ ಗತಿಯಾಗಿತ್ತು. ಖರ್ಚು ಉಳಿಸಲು ಒಂದೇ ಸೂಜಿಯನ್ನು ವಾರವಿಡೀ ಬಳಸುತ್ತಿದ್ದಳು. ದಿನಕ್ಕೆ ಮೂರು ಸಲ ನೋಡಬೇಕಾದ ಸಕ್ಕರೆಯನ್ನು ಎರಡು ದಿನಕ್ಕೊಮ್ಮೆ ನೋಡಿ, ಮಿಕ್ಕಂತೆ ಅಂದಾಜಿನ ಮೇಲೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಹೋದ ತಿಂಗಳು ಅಂದಾಜು ತಪ್ಪಿ, ಎಂಟನೇ ತರಗತಿಯ ಬೋರ್ಡಿನ ಮುಂದೆಯೇ ಕುಸಿದಳು. ಇನ್ನೊಂದು ಸಲ ಹೀಗಾದರೆ ಏಳುತ್ತೀರೆಂದು ಹೇಳಲಾರೆ ಎಂದರು ಡಾಕ್ಟರು. ಆ ಮಾತನ್ನೂ ಅವಳು ಬೇರೆ ಯಾರದೋ ವಿಷಯವೆಂಬಂತೆ ಕೇಳಿಸಿಕೊಂಡಳು.

ಇನ್ನೊಂದು ಕಂಪನಿಯ ಹೊಸ ಪಾಲಿಸಿ ಕಣ್ಣಿಗೆ ಬಿದ್ದದ್ದು ಆ ವಾರವೇ. ಇನ್ಸುಲಿನ್, ಸೂಜಿ, ಸ್ಟ್ರಿಪ್ಪು ಎಲ್ಲವನ್ನೂ ತಿಂಗಳು ತಿಂಗಳು ಮನೆಗೇ ಕಳಿಸುತ್ತಾರೆ. ಆದರೆ ಸೇರುವಾಗ ಕಾಯಿಲೆ ಇರಬಾರದು. ಸೇರಿ ಮೂರು ತಿಂಗಳಾದ ಮೇಲೆ ಬಂದರೆ ಅಭ್ಯಂತರವಿಲ್ಲ. ಪರೀಕ್ಷೆ ಒಂದೇ: ಬೆಳಿಗ್ಗೆ ಮನೆಗೆ ಬಂದು ಎರಡು ಮಿಲಿ ರಕ್ತ ತೆಗೆದುಕೊಂಡು ಹೋಗುತ್ತಾರೆ, ಸಕ್ಕರೆ ನೋಡುತ್ತಾರೆ.

ರಕ್ತಕ್ಕೆ ತಂಗಿ ಲಾಸ್ಯಾ ಇದ್ದಳು. ಮಾವಳ್ಳಿಯಲ್ಲಿ ವಾಸ, ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ಜಾತಿ. ಹೋದ ವಾರವಷ್ಟೇ ಅವಳ ಆಫೀಸಿನ ಶಿಬಿರದಲ್ಲಿ ಸಕ್ಕರೆ ಎಂಬತ್ತೆಂಟು ಬಂದಿತ್ತು.

"ಸಿಕ್ಕಿಹಾಕ್ಕೊಂಡ್ರೆ ಏನೇ ಅಕ್ಕಾ?"

"ಸಿಕ್ಕೋಕೆ ಏನಿದೆ? ರಾತ್ರಿ ಊಟ ಆದ್ಮೇಲೆ ಏನೂ ತಿನ್ಬೇಡ. ಆರೂವರೆಗೆ ಬಂದ್ಬಿಡು. ಅಷ್ಟೇ."

ನಿಜಕ್ಕೂ ಸಿಕ್ಕುವುದಕ್ಕೆ ಏನೂ ಇರಲಿಲ್ಲ. ಅವಳ ಡಾಕ್ಟರು ಹಳೇ ಕಾಲದವರು, ಕಂಪ್ಯೂಟರ್ ಮುಟ್ಟಿದವರಲ್ಲ. ಕಾಯಿಲೆಯ ದಾಖಲೆ ಎಂದರೆ ಅವರು ಬರೆದುಕೊಟ್ಟ ಚೀಟಿಗಳು ಮಾತ್ರ, ಅವನ್ನು ದೀಪ್ತಿ ಒಲೆಗೆ ಹಾಕಿದಳು. ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಶಾಲೆಯ ಸ್ಟಾಫ್ ರೂಮಿಗೆ ಹೋಯಿತು. ಸಕ್ಕರೆಯ ಅಂಕಿ ಬರೆದಿಟ್ಟ ಗೋಡೆಯ ಕ್ಯಾಲೆಂಡರನ್ನು ಇಳಿಸಿ, ಅಲ್ಲಿ ಹೊಸದನ್ನು ತೂಗುಹಾಕಿದಳು. ಆಧಾರ್ ಕಾರ್ಡಿನ ಫೋಟೋ ಚಿಂತೆಯೇ ಇರಲಿಲ್ಲ, ಅದರಲ್ಲಿ ಯಾರು ಯಾರ ಥರ ಇರುತ್ತಾರೆ? ಆದರೂ ತಂಗಿಗೆ ತನ್ನ ಹಳೇ ಕನ್ನಡಕ ತೆಗೆದಿಟ್ಟಳು, ಹುಟ್ಟಿದ ತಾರೀಕು ಬಾಯಿಪಾಠ ಮಾಡಿಸಿದಳು.

ಉಳಿದದ್ದು ಅತ್ತೆ ಜಾನಕಮ್ಮ. ಶಂಕರಪುರಂನ ಆ ಮನೆಯಲ್ಲಿ ಬಾಗಿಲು ತೆಗೆಯುವವರು ಅವರೇ.

"ರಕ್ತ ತಗೊಳ್ಳೋಕೆ ಬರೋನ ಮುಂದೆ ಲಾಸ್ಯಾನ ದೀಪ್ತಿ ಅಂತ ಕರೀರಿ ಅತ್ತೆ. ಜಾಸ್ತಿ ಮಾತಾಡ್ಬೇಡಿ."

"ನಂಗಷ್ಟು ಗೊತ್ತಾಗಲ್ವೇನೇ? ನೀನು ಹೋಗು."

ಒಂದು ಮನೆಯಲ್ಲಿ ಇಬ್ಬರು ದೀಪ್ತಿಯರು ಇರಬಾರದಲ್ಲ. ಅವಳು ಆರು ಗಂಟೆಗೇ ಹೊರಟು ಪಾರ್ಕಿನ ಬೆಂಚಿನ ಮೇಲೆ ಕೂತಳು. ಭಯವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಹೊಸ ಸೂಜಿ ದಿನಕ್ಕೊಂದು ಬಳಸಬಹುದು ಎಂದುಕೊಂಡಳು. ಎಂಟಕ್ಕೆ ಲಾಸ್ಯಾಳ ಮೆಸೇಜು ಬಂತು: ಮುಗೀತು, ಚಲುವರಾಜು ಅಂತ ಒಬ್ಬ ಬಂದಿದ್ದ, ನನ್ನ ಮುಖ ಕೂಡ ನೋಡ್ಲಿಲ್ಲ.

ಮೂರನೇ ದಿನ ಮಧ್ಯಾಹ್ನ ಕಂಪನಿಯಿಂದ ಪತ್ರ ಬಂತು. ಬರೀ ಹೊಟ್ಟೆಯ ಸಕ್ಕರೆ ನೂರ ನಲವತ್ತೆಂಟು. ಮಧುಮೇಹದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ, ಈ ಮಾಹಿತಿಯನ್ನು ಇತರ ವಿಮಾ ಕಂಪನಿಗಳೊಂದಿಗೆ ಹಂಚಿಕೊಳ್ಳಲಾಗುವುದು. ಹನ್ನೊಂದು ವರ್ಷ ಎಲ್ಲೂ ದಾಖಲಾಗದಿದ್ದ ಕಾಯಿಲೆ ಈಗ ಅವಳ ಹೆಸರಿಗೆ ಅಚ್ಚಾಗಿ ಕೂತಿತ್ತು. ಇನ್ನು ಯಾವ ಬಾಗಿಲೂ ತೆರೆಯುವುದಿಲ್ಲ. ಆದರೆ ದೀಪ್ತಿಗೆ ಹೊಳೆದದ್ದು ಅದಲ್ಲ. ಆ ರಕ್ತ ಲಾಸ್ಯಾಳದು. ತಂಗಿಗೂ ಬಂತೇ? ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವಳಿಗೆ ಎದೆ ಹೊಡೆದುಕೊಂಡದ್ದು ಕೇಳಿಸಿತು. ಕೂಡಲೇ ತಂಗಿಗೆ ಫೋನು ಮಾಡಿದಳು.

"ನಿಜ ಹೇಳೇ, ಅವತ್ತು ಬೆಳಿಗ್ಗೆ ಏನ್ ತಿಂದೆ?" ಎಂದು ಕೇಳಿದಳು. ಲಾಸ್ಯಾಗೆ ರೇಗಿತು. "ಅಯ್ಯೋ, ದೇವರಾಣೆ ಏನೂ ತಿಂದಿಲ್ಲ ಕಣೇ. ಅವ್ನು ಕೇಳ್ದಾಗ್ಲೂ ಬರೀ ಹೊಟ್ಟೆ ಅಂತ್ಲೇ ಅಂದೆ. ನಿಮ್ಮತ್ತೆ ಬಿಸಿಬಿಸಿ ಇಡ್ಲಿ ತಂದಿಟ್ರೂ ಮುಟ್ಲಿಲ್ಲ. ಪಾಪ, ಮನೆಗೆ ಬಂದೋಳನ್ನ ಹಾಗೇ ಹೇಗೆ ಕೂರ್ಸೋದು ಅಂತ ಕಾಫಿ ಕೊಟ್ರು. ಈ ಮನೇಲಿ ಸಕ್ಕರೆ ಹಾಕಿ ಕಾಫಿ ಮಾಡಿ ಎಷ್ಟು ವರ್ಷ ಆಯ್ತೋ ಅಂತ ಕೈಬಿಟ್ಟು ಹಾಕಿದ್ರು, ಪಾಯಸದ ಥರ ಇತ್ತು. ಅವ್ನು ಬರೋದ್ರೊಳ್ಗೆ ಎರಡು ಲೋಟ ಕುಡಿದೆ, ಅಷ್ಟೇ. ಕಾಫಿ ಕುಡಿದ್ರೆ ತಿಂದಂಗಾಗತ್ತೇನೇ?"