ಆಬಾಸಾಹೇಬರ ವೀಣೆ ಪೆಟ್ಟಿಗೆ

ವೀಣೆಯ ಪೆಟ್ಟಿಗೆ ಕಪಾಟಿನಲ್ಲಿ ಇರಲಿಲ್ಲ!

ಅದನ್ನು ಕೊಳ್ಳಲು ಕೊಲ್ಲಾಪುರದ ವ್ಯಾಪಾರಿ ಮಧ್ಯಾಹ್ನದ ಬಸ್ಸಿಗೆ ಬರುವವನಿದ್ದ. ನಾನೂ ನಿವೃತ್ತ ಫೌಜದಾರ ವಿರುಪಾಕ್ಷಪ್ಪನವರೂ ಶೇಡಬಾಳದ ಆ ದ್ರಾಕ್ಷಿ ತೋಟದ ಮನೆ ಮುಟ್ಟುವಷ್ಟರಲ್ಲಿ ಸಾಹುಕಾರ ಆಬಾಸಾಹೇಬರು ಆಳು ವಿಠೋಬಾನ ಗಂಟು ಬಿಚ್ಚಿಸಿ ಅಂಗಳಕ್ಕೆ ಸುರಿಸಿದ್ದರು. ಕಂಬಳಿ, ಎರಡು ಧೋತರ, ಮಗಳಿಗೆಂದು ತಂದ ಕುಪ್ಪಸದ ಖಣ. ಅರ್ಧ ಊರು ನಿಂತು ನೋಡುತ್ತಿತ್ತು. ಆ ಗುಂಪಿನಲ್ಲಿ ನಾನೂ ಒಬ್ಬನಾದೆನಲ್ಲ ಎಂದು ನಾಚಿಕೆಯಾಯಿತು.

"ನಾಳೆ ಮಗಳನ್ನ ನೋಡಾಕ ಬೀಗರು ಬರಾವ್ರದಾರ್ರಿ," ವಿಠೋಬಾ ತಲೆ ಎತ್ತಲಿಲ್ಲ. "ಕಳ್ಳನ ಮನಿ ಹೆಣ್ಣು ಯಾರ್ ಮಾಡ್ಕೋತಾರ್ರಿ?"

ಆಬಾಸಾಹೇಬರಿಗೆ ಹಳೆಯ ವಾದ್ಯ ಕೂಡಿಹಾಕುವ ಖಯಾಲಿ. ಅವುಗಳಲ್ಲೆಲ್ಲ ಹೆಚ್ಚಿನದು ಬೆಳ್ಳಿ ಚಿಲಕದ ಈ ತೇಗದ ಪೆಟ್ಟಿಗೆ. ಅಜ್ಜ ದರಬಾರಿನಲ್ಲಿ ರುದ್ರವೀಣೆ ನುಡಿಸುತ್ತಿದ್ದರು, ವೀಣೆ ಒಡೆದು ಪೆಟ್ಟಿಗೆ ಉಳಿಯಿತು — ಈ ಕಥೆ ಕೇಳದವರು ಊರಲ್ಲೇ ಇರಲಿಲ್ಲ.

"ಪೆಟಗಿ ಕೀಲಿ ಯಾರ ಕಡೆ ಇರ್ತೈತ್ರಿ?" ಫೌಜದಾರರು ಕೇಳಿದರು.

"ನನ್ನ ಕಡೆ," ಎಂದರು ಆಬಾಸಾಹೇಬರು.

"ಒಳಗ ಯಾರರ ನೋಡ್ಯಾರೇನು?"

"ನನಗೂ ತೋರಿಸಿಲ್ರಿ," ಅವರ ಹೆಂಡತಿ ರುಕ್ಮವ್ವ ಹೇಳಿದಳು. "ವ್ಯಾಪಾರಿ ಮಾತ್ರ, ತಗದು ನೋಡೇ ತಗೋತೀನಿ ಅಂತ ನಿನ್ನೆ ನಿರೋಪ ಕಳಿಸಿದ್ದ."

ಕಪಾಟಿನ ಧೂಳಿನಲ್ಲಿ ಪೆಟ್ಟಿಗೆಯ ಗುರುತು ಹಾಗೇ ಇತ್ತು. ಫೌಜದಾರರು ಮೊಳಕೈ ಊರಿ ಅಳೆದರು. ಹೊರಗೆ ಬಂದು ವಿಠೋಬಾನ ಬೆಳ್ಳಿ ಕಡಗವನ್ನು ತಿರುಗಿಸಿ ನೋಡಿದರು. ಫಳಫಳ ಹೊಳೆಯುತ್ತಿತ್ತು.

"ಸಾವಕಾರ್ರ, ಒಣದ್ರಾಕ್ಷಿಗೆ ಗಂಧಕದ ಹೊಗಿ ಹಾಕೋ ಖೋಲಿಗೆ ನೀವು ಹೋಗಿದ್ರೇನು?"

"ನಾನ್ಯಾಕ ಹೋಗ್ಲಿ? ನನಗ ದಮ್ಮು ಐತಿ!"

"ಹಂಗಾರ ನಿಮ್ಮ ಬೆಳ್ಳಿ ಉಂಗುರ ಯಾಕ ಕರ್ರಗಾಗೇತಿ?"

ಆಬಾಸಾಹೇಬರು ಕೈಯನ್ನು ಕಿಸೆಗೆ ಸೇರಿಸಿದರು. ತಡವಾಗಿತ್ತು.

ಹೊಗೆ ಕೋಣೆಯ ಮೂಲೆಯಲ್ಲಿ, ಗೋಣಿಚೀಲದ ಕೆಳಗೆ ಪೆಟ್ಟಿಗೆ ಸಿಕ್ಕಿತು. ಅದರ ಚಿಲಕವೂ ಕಪ್ಪಾಗಿತ್ತು.

"ಗಂಧಕದ ಹೊಗಿ ಬೆಳ್ಳಿ ಬಿಡೂದಿಲ್ಲ," ಫೌಜದಾರರು ಹೇಳಿದರು. "ವಿಠೋಬಾ ಅಲ್ಲಿ ಹೋಗಿಲ್ಲ. ನೀವು ಹೋಗೀರಿ. ಇನ್ನ ರುದ್ರವೀಣಿ ಅಂದ್ರ ಎರಡು ಸೋರೆ ಬುರುಡಿ, ಮೂರು ಮೊಳ ಉದ್ದ. ಈ ಪೆಟಗಿ ಒಂದೂವರಿ ಮೊಳ! ಇಷ್ಟ ವರ್ಷ ಎಲ್ಲಾರೂ ನೋಡೀವಿ, ಒಬ್ಬರೂ ಕೇಳಲಿಲ್ಲ. ವ್ಯಾಪಾರಿ ಕೇಳ್ತಿದ್ದ. ತಗೀರಿ."

ಬೀಗ ಬಿಚ್ಚಿತು. ಒಳಗಿನ ಮಖಮಲ್ಲಿನಲ್ಲಿ ಸಾರಂಗಿ ಮಲಗುವಷ್ಟೇ ಕುಳಿ.

"ಅಜ್ಜ ಸಾರಂಗಿ ಬಾರಸ್ತಿದ್ದ," ಆಬಾಸಾಹೇಬರ ದನಿ ಏಳಲಿಲ್ಲ. "ಸಾಂಗಲಿಯಾಗ. ಕುಣಿಯೋ ಹೆಂಗಸರ ಹಿಂದ ನಿಂತು. ಹೇಳಾಕ ನಾಚಿಕಿ ಆಗ್ತಿತ್ರಿ."

"ಬಡವನ ಗಂಟು ಬಿಚ್ಚಸುವಾಗ ಆಗಲಿಲ್ಲೇನು?" ಫೌಜದಾರರು ಕೇಳಿದರು.

ಆಬಾಸಾಹೇಬರು ಅಂಗಳಕ್ಕಿಳಿದು, ಊರವರ ಎದುರು ಬಗ್ಗಿ ಕಂಬಳಿ ಎತ್ತಲು ಕೈ ಚಾಚಿದರು. ವಿಠೋಬಾ ಮೊದಲೇ ಎತ್ತಿಕೊಂಡ.

"ಇದನ್ನ ನಾ ಮಡಚ್ಕೋತೀನ್ರಿ. ನಾಳೆ ನಮ್ಮ ಮನೀಗೆ ಬಂದು ಬೀಗರ ಮುಂದ ಹೇಳ್ರಿ, ಪೆಟಗಿ ಯಾರು ಮುಚ್ಚಿಟ್ಟಿದ್ರು ಅಂತ."

"ಬರ್ತೀನಪಾ."

"ಯಾಕ ಮುಚ್ಚಿಟ್ರಿ ಅಂತ ಕೇಳ್ತಾರ್ರಿ."

ಆಬಾಸಾಹೇಬರು ಕಪ್ಪಾದ ಉಂಗುರವನ್ನೇ ನೋಡುತ್ತ ನಿಂತರು.

"ಸಾರಂಗಿ ಸುದ್ದೀನೂ ಹೇಳ್ತೀನಿ," ಎಂದರು.